ಪೆನ್‌ಡ್ರೈವ್: ಯಾವ ಕೆಲಸಕ್ಕೆ ಯಾವುದು, ಡೂಪ್ಲಿಕೇಟ್ ಮಾಲನ್ನು ಹಿಡಿಯುವುದು ಹೇಗೆ

64 ಜಿಬಿ ಎಂದು ಬರೆದಿರುವ ಪೆನ್‌ಡ್ರೈವನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ 57 ಅಥವಾ 58 ಜಿಬಿ ಎಂದು ತೋರಿಸುತ್ತದೆ. ‘ಆರೇಳು ಜಿಬಿ ನುಂಗಿದ’ ಎಂದು ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗುವವರಿದ್ದಾರೆ. ಅದು ಮೋಸವಲ್ಲ, ತಯಾರಕರು ಎಣಿಸುವ ರೀತಿ ಬೇರೆ, ವಿಂಡೋಸ್ ಎಣಿಸುವ ರೀತಿ ಬೇರೆ. ತಯಾರಕರ ಲೆಕ್ಕದಲ್ಲಿ 1 ಜಿಬಿ ಎಂದರೆ 100 ಕೋಟಿ ಬೈಟ್. ವಿಂಡೋಸ್ ಲೆಕ್ಕದಲ್ಲಿ 1,07,37,41,824 ಬೈಟ್. ಹಾಗಾಗಿ 64 ಎಂಬುದು 59.6 ಆಗುತ್ತದೆ, 32 ಎಂಬುದು 29.8, 128 ಎಂಬುದು 119.2. ಕೆಟ್ಟುಹೋಗುವ ಬ್ಲಾಕ್‌ಗಳ (ಫೈಲು ಕೂರುವ ಸಣ್ಣ ಸಣ್ಣ ತುಣುಕುಗಳ) ಬದಲಿಗೆಂದು ಒಳಗೇ ಕಾದಿರಿಸಿದ ಜಾಗ ಕಳೆದರೆ ಇನ್ನೊಂದೆರಡು ಕಡಿಮೆ. ಡೂಪ್ಲಿಕೇಟ್ ಮಾಲಿನ ಕತೆ ಇದಕ್ಕೆ ಪೂರ್ತಿ ಉಲ್ಟಾ: ಪರದೆಯ ಮೇಲೆ ಬೇಕಾದ ಸಂಖ್ಯೆ ಕಾಣುತ್ತದೆ, ಒಳಗೆ ಜಾಗವೇ ಇರುವುದಿಲ್ಲ.

ಇದು ಹೇಗೆ ಸಾಧ್ಯ ಎಂದು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಪೆನ್‌ಡ್ರೈವಿನೊಳಗೆ ಮುಖ್ಯವಾಗಿ ಎರಡು ಚಿಪ್ ಇರುತ್ತವೆ. ಒಂದು ಫೈಲು ಉಳಿಯುವ ಫ್ಲ್ಯಾಶ್ ಚಿಪ್, ಇನ್ನೊಂದು ಅದನ್ನು ನಡೆಸುವ ಕಂಟ್ರೋಲರ್. ‘ಎಷ್ಟು ಜಾಗ ಇದೆ?’ ಎಂದು ಕಂಪ್ಯೂಟರ್ ಕೇಳುವುದು ಕಂಟ್ರೋಲರನ್ನು. ಅದು ಹೇಳಿದ್ದೇ ವೇದವಾಕ್ಯ. ಫ್ಯಾಕ್ಟರಿಯಲ್ಲಿ ಕಂಟ್ರೋಲರಿಗೆ ಅಂಕಿ ತುಂಬಲು ಬಳಸುವ ಸಾಫ್ಟ್‌ವೇರ್ ಹೊರಗೂ ಓಡಾಡುತ್ತಿದೆ. 8 ಜಿಬಿ ಫ್ಲ್ಯಾಶ್ ಕೂರಿಸಿ, ‘64 ಎಂದು ಹೇಳು’ ಎಂದು ಕಂಟ್ರೋಲರಿಗೆ ಕಲಿಸಿದರೆ ಮುಗಿಯಿತು. ಮೊದಲ ಏಳು ಚಿಲ್ಲರೆ ಜಿಬಿ ಸರಿಯಾಗಿ ಉಳಿಯುತ್ತದೆ. ಅದರ ಮೇಲೆ ಬಂದದ್ದು ಒಂದೋ ಎಲ್ಲೂ ಬರೆಯಲ್ಪಡದೆ ಮಾಯವಾಗುತ್ತದೆ, ಇಲ್ಲವೇ ತಿರುಗಿ ಮೊದಲಿನಿಂದ ಬಂದು ಹಳೆಯದರ ಮೇಲೇ ಕೂರುತ್ತದೆ. ಫೈಲುಗಳ ಹೆಸರು, ಗಾತ್ರ, ತಾರೀಖು ದಾಖಲಾಗುವುದು ಹೆಚ್ಚಾಗಿ ಡ್ರೈವಿನ ಆರಂಭದ ಭಾಗದಲ್ಲಿ. ಆದ್ದರಿಂದ ಪಟ್ಟಿ ಸೊಗಸಾಗಿ ಕಾಣುತ್ತದೆ, ಕಾಪಿ ಆಗುವಾಗ ಒಂದು ಎರರ್ ಕೂಡ ಬರುವುದಿಲ್ಲ. ತೆರೆದಾಗ ಮಾತ್ರ ಒಳಗೆ ಏನೂ ಇಲ್ಲ. ಮುಂಬಯಿಯ ಮಾಟುಂಗಾದಲ್ಲಿ ನಡೆದ ಮೂರು ಗಂಟೆಯ ಯಕ್ಷಗಾನವನ್ನು ಇಂಥದ್ದಕ್ಕೆ ಹಾಕಿಟ್ಟರೆ, ಚೆಂಡೆಯ ಪೀಠಿಕೆ ಚೆನ್ನಾಗಿ ಕೇಳಿಸುತ್ತದೆ, ಯುದ್ಧದ ಹೊತ್ತಿಗೆ ಪರದೆ ಕಪ್ಪಾಗುತ್ತದೆ. ಅಷ್ಟರಲ್ಲಿ ವಾಪಸು ಕೊಡುವ ಗಡುವೂ ದಾಟಿರುತ್ತದೆ.

ಇದು ಒಂದು ಬಗೆ. ಎರಡನೆಯ ಬಗೆಯಲ್ಲಿ ಜಾಗ ಪೂರ್ತಿ ಇರುತ್ತದೆ, ಆದರೆ ಹಾಕಿರುವುದು ದೊಡ್ಡ ತಯಾರಕರ ಪರೀಕ್ಷೆಯಲ್ಲಿ ಫೇಲಾಗಿ ಸಗಟಿನಲ್ಲಿ ಅಗ್ಗಕ್ಕೆ ಹೋದ ಫ್ಲ್ಯಾಶ್. ಕೆಲವು ತಿಂಗಳು ನಡೆದು, ಒಂದು ದಿನ ‘ಫಾರ್ಮ್ಯಾಟ್ ಮಾಡಿ’ ಎಂದು ಕೇಳುತ್ತದೆ. ಮೂರನೆಯದು ಮುಂಬಯಿಯವರು ‘ಫಸ್ಟ್ ಕಾಪಿ’ ಎನ್ನುವ ಮಾಲು: ಪೊಟ್ಟಣ, ಲೋಗೋ ಎಲ್ಲ ಹೆಸರಾಂತ ಕಂಪನಿಯದೇ, ಒಳಗಿನದು ಯಾರದೋ.

ಕೆಲಸ ನೋಡಿ ಆರಿಸಿ

ಹೋಟೆಲಿನ ಆಂಪ್ಲಿಫೈಯರ್‌ಗೆ ಬೆಳಗಿನ ಸುಪ್ರಭಾತ, ಭಜನಾ ಮಂಡಳಿಯ ಹಾಡು, ಕಾರಿನ ಸ್ಟೀರಿಯೋ: ಇವಕ್ಕೆ ಯುಎಸ್‌ಬಿ 2.0ದ (ಹಳೆಯ, ನಿಧಾನದ ಬಗೆ) 16 ಅಥವಾ 32 ಜಿಬಿ ಸಾಕು. 128 ಕೆಬಿಪಿಎಸ್ ಎಂಪಿ3 ಹಾಡು ನಿಮಿಷಕ್ಕೆ ಸುಮಾರು 1 ಎಂಬಿ ತಿನ್ನುತ್ತದೆ. 16 ಜಿಬಿಯಲ್ಲಿ 250 ಗಂಟೆಗೂ ಮೀರಿ ಹಿಡಿಸುತ್ತದೆ. ಇಲ್ಲಿ ದೊಡ್ಡದು ತಂದರೆ ಲಾಭವಿಲ್ಲ, ತೊಂದರೆ ಇದೆ. ಹಳೆಯ ಆಂಪ್ಲಿಫೈಯರ್, ಕಾರು, ಟಿವಿಗಳಲ್ಲಿ ಅನೇಕವು ಫ್ಯಾಟ್32 ಫಾರ್ಮ್ಯಾಟ್ (ಡ್ರೈವಿನಲ್ಲಿ ಫೈಲು ಜೋಡಿಸಿಡುವ ಒಂದು ಹಳೆಯ ಪದ್ಧತಿ) ಬಿಟ್ಟು ಬೇರೆ ಓದುವುದಿಲ್ಲ, ವಿಂಡೋಸಿನ ಫಾರ್ಮ್ಯಾಟ್ ಪೆಟ್ಟಿಗೆಯೋ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆಯನ್ನೇ ಕೊಡದೆ ಸತಾಯಿಸುತ್ತ ಬಂದಿದೆ. 64 ಜಿಬಿ ತಂದುಬಿಟ್ಟಿದ್ದರೆ ರುಫಸ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಫ್ಯಾಟ್32 ಮಾಡಿಕೊಳ್ಳಬಹುದು. ಆಕಾರದಲ್ಲಿ ಉಗುರಿನಷ್ಟು ಗಿಡ್ಡದ್ದೇ ಒಳ್ಳೆಯದು. ಉದ್ದನೆಯದು ಗಲ್ಲೆಯ ಪಕ್ಕ ಚಾಚಿಕೊಂಡಿದ್ದರೆ ಯಾರದೋ ಮೊಣಕೈ ತಾಗಿ ಸಾಕೆಟ್ ಸಮೇತ ಕಿತ್ತು ಬರುತ್ತದೆ.

ಝೆರಾಕ್ಸ್ ಅಂಗಡಿಗೆ ಬೇರೆಯದೇ ಒಂದು ಸಣ್ಣ ಪೆನ್‌ಡ್ರೈವ್ ಇಟ್ಟುಕೊಳ್ಳಿ, ಅದರಲ್ಲಿ ಬೇರೇನೂ ಇರಬಾರದು. ದಿನಕ್ಕೆ ನೂರು ಜನರ ಪೆನ್‌ಡ್ರೈವ್ ಕಂಡ ಕಂಪ್ಯೂಟರದು. ಫೋಲ್ಡರುಗಳನ್ನೆಲ್ಲ ಬಚ್ಚಿಟ್ಟು ಶಾರ್ಟ್‌ಕಟ್ ಮಾಡುವ ವೈರಸ್ ಅಲ್ಲಿಂದಲೇ ಮನೆಗೆ ಬರುವುದು. ಕನ್ನಡದಲ್ಲಿ ಬರೆದದ್ದಾದರೆ ವರ್ಡ್ ಫೈಲ್ ಒಯ್ಯಬೇಡಿ, ಪಿಡಿಎಫ್ ಒಯ್ಯಿರಿ. ಮುಂಬಯಿಯ ಝೆರಾಕ್ಸ್ ಅಂಗಡಿಯಲ್ಲಿ ನುಡಿ ಫಾಂಟ್ ಎಲ್ಲಿಂದ ಬರಬೇಕು? ಸಂಘದ ಆಮಂತ್ರಣ ಪತ್ರಿಕೆ ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿ ಅಚ್ಚಾಗುತ್ತದೆ.

ವಿಡಿಯೋ ವಿಷಯಕ್ಕೆ ಬಂದರೆ ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ಫೋನಿನಲ್ಲಿ ಫುಲ್ ಎಚ್‌ಡಿಯಲ್ಲಿ, ಸೆಕೆಂಡಿಗೆ 17 ಮೆಗಾಬಿಟ್ ದರದಲ್ಲಿ ತೆಗೆದ ಮೂರು ಗಂಟೆಯ ಆಟ ಸುಮಾರು 23 ಜಿಬಿ ಆಗುತ್ತದೆ. ಅಗ್ಗದ ಯುಎಸ್‌ಬಿ 2.0 ಪೆನ್‌ಡ್ರೈವಿಗೆ ಬರೆಯುವ ವೇಗ ಸೆಕೆಂಡಿಗೆ 6 ಎಂಬಿ ಸಿಕ್ಕರೆ ಒಂದು ಗಂಟೆ ಮೇಲೆ ಕಾಯಬೇಕು. ಸಾಧಾರಣ ಯುಎಸ್‌ಬಿ 3 ಪೆನ್‌ಡ್ರೈವಿನಲ್ಲಿ 15 ಎಂಬಿ ಸಿಕ್ಕರೆ 25 ನಿಮಿಷ. ಎಸ್‌ಎಸ್‌ಡಿ ಮಾದರಿಯದರಲ್ಲಿ (ಇದೂ ಫ್ಲ್ಯಾಶ್ ಚಿಪ್ಪಿನದೇ, ಆದರೆ ಬಹಳ ವೇಗದ್ದು) 400 ಎಂಬಿ ಸಿಕ್ಕರೆ ಒಂದೇ ನಿಮಿಷ, ಆ ಕಡೆಯ ಕಂಪ್ಯೂಟರೂ ಅಷ್ಟೇ ವೇಗದ್ದಾಗಿದ್ದರೆ ಮಾತ್ರ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ‘130 ಎಂಬಿ/ಸೆಕೆಂಡ್ ವರೆಗೆ’ ಎಂದಿರುತ್ತದಲ್ಲ, ಅದು ಓದುವ ವೇಗ. ಬರೆಯುವ ವೇಗವನ್ನು ಅನೇಕ ಕಂಪನಿಗಳು ಹೇಳುವುದೇ ಇಲ್ಲ. ಹೇಳಿದ್ದರೆ ಅದೇ ಒಂದು ಒಳ್ಳೆಯ ಲಕ್ಷಣ. ಇನ್ನೊಂದು ತಮಾಷೆ: ಮೊದಲ ಒಂದೆರಡು ಜಿಬಿ ಜೋರಾಗಿ ಓಡಿ, ಆಮೇಲೆ ಆಮೆ ನಡಿಗೆಗೆ ಇಳಿಯುವುದು. ಒಳಗಿನ ವೇಗದ ತಾತ್ಕಾಲಿಕ ಜಾಗ ತುಂಬಿದ ಮೇಲೆ ಹಾಗಾಗುತ್ತದೆ. ಅಸಲಿ ಮಾಲಿನಲ್ಲೂ ಆಗುತ್ತದೆ, ಅದನ್ನೇ ಹಿಡಿದು ಡೂಪ್ಲಿಕೇಟ್ ಎನ್ನಲಾಗದು.

ಯುಎಸ್‌ಬಿ 3.0, 3.1 ಜೆನ್ 1, 3.2 ಜೆನ್ 1 ಎಂಬ ಮೂರೂ ಒಂದೇ, ಸೆಕೆಂಡಿಗೆ 5 ಗಿಗಾಬಿಟ್. ಹೆಸರು ಮಾತ್ರ ಬದಲಾಗುತ್ತ ಬಂತು. ‘ಇದು 3.2, ಲೇಟೆಸ್ಟ್’ ಎಂದು ನೂರು ರೂಪಾಯಿ ಹೆಚ್ಚು ಕೇಳಿದರೆ ಕೊಡಬೇಕಿಲ್ಲ.

ಫೋನಿನಿಂದ ನೇರ ಫೈಲು ಇಳಿಸಬೇಕಾದವರಿಗೆ ಎರಡೂ ತುದಿಯ, ಅಂದರೆ ಒಂದು ಕಡೆ ಟೈಪ್ ಸಿ, ಇನ್ನೊಂದು ಕಡೆ ಮಾಮೂಲಿ ಟೈಪ್ ಎ ಇರುವ ಡ್ಯುಯಲ್ ಡ್ರೈವ್ ಅನುಕೂಲ. ಫೋನಿನ ದಪ್ಪ ಕವರ್ ಅಡ್ಡ ಬಂದು ಟೈಪ್ ಸಿ ತುದಿ ಪೂರ್ತಿ ಕೂರದಿರುವುದೇ ಇದರ ದೊಡ್ಡ ರಗಳೆ, ಕವರ್ ತೆಗೆದು ನೋಡಿ. ಮಧ್ಯಮ ಬೆಲೆಯ ಅನೇಕ ಫೋನ್‌ಗಳ ಟೈಪ್ ಸಿ ರಂಧ್ರ ಒಳಗೆ ಯುಎಸ್‌ಬಿ 2.0ವೇ ಆಗಿರುತ್ತದೆ, ವೇಗದ ಡ್ರೈವ್ ತಂದರೂ ಅಲ್ಲಿ ಅದು ನಿಧಾನ.

ಮದುವೆ ವಿಡಿಯೋ ಮಾಡುವವರು, ದಿನಾ ಎಡಿಟಿಂಗ್ ಮಾಡುವವರು ಪೆನ್‌ಡ್ರೈವ್ ಬಿಟ್ಟು ಎಸ್‌ಎಸ್‌ಡಿ ಕಡೆ ಹೋಗುವುದೇ ಸರಿ. ಪೆನ್‌ಡ್ರೈವ್ ಆಕಾರದಲ್ಲೇ ಬೇಕೆಂದರೆ ಕಿಂಗ್‌ಸ್ಟನ್ ಡೇಟಾಟ್ರಾವೆಲರ್ ಮ್ಯಾಕ್ಸ್ ಇದೆ, ಕಂಪನಿ ಹೇಳುವ ವೇಗ ಓದಲು 1,000, ಬರೆಯಲು 900 ಎಂಬಿ. ಕೇಬಲ್ ಇರುವ ಸ್ಯಾಮ್ಸಂಗ್ ಟಿ7 ಕೂಡ ಅದೇ ವರ್ಗದ್ದು. 512 ಜಿಬಿ, 1 ಟಿಬಿ ಬೇಕಾದವರಿಗೆ ನಮ್ಮ ಸಲಹೆ ಇದೊಂದೇ. ಆ ಗಾತ್ರದ ಅಗ್ಗದ ಪೆನ್‌ಡ್ರೈವ್ ಎಂಬುದು ಇಲ್ಲ. ಕಿಂಗ್‌ಸ್ಟನ್ 2017ರಲ್ಲಿ 2 ಟಿಬಿ ಪೆನ್‌ಡ್ರೈವ್ ತಂದಾಗ ಅದು ಹೆಬ್ಬೆರಳಿಗಿಂತ ದಪ್ಪನೆಯ ಲೋಹದ ಗಟ್ಟಿಯಾಗಿತ್ತು. ಉಗುರಿನಷ್ಟು ಡ್ರೈವಿನಲ್ಲಿ 2 ಟಿಬಿ, 16 ಟಿಬಿ, ಅದೂ ಐನೂರು ರೂಪಾಯಿಗೆ ಎಂದರೆ ಪರೀಕ್ಷೆ ಮಾಡುವ ಕಷ್ಟವೂ ಬೇಡ.

ಇಷ್ಟರಲ್ಲಿ ಯಾವುದೂ ಕಾಯಂ ದಾಸ್ತಾನಿಗೆ ಆಗುವಂಥದ್ದಲ್ಲ. ಫ್ಲ್ಯಾಶ್ ಚಿಪ್‌ನಲ್ಲಿ ಮಾಹಿತಿ ಉಳಿಯುವುದು ವಿದ್ಯುತ್ ಆವೇಶವಾಗಿ, ಅದು ವರ್ಷ ಕಳೆದಂತೆ ಸೋರುತ್ತದೆ; ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇನ್ನೂ ಬೇಗ. ಸಂಘದ ಹಳೆಯ ಫೋಟೋ, ಹೋಟೆಲಿನ ಲೆಕ್ಕದ ಬ್ಯಾಕಪ್ ಇವಕ್ಕೆ ಹಾರ್ಡ್‌ಡಿಸ್ಕ್ ಒಂದು, ಬೇರೆ ಜಾಗದಲ್ಲಿ ಇನ್ನೊಂದು ಪ್ರತಿ.

ಎಲ್ಲಿ ಕೊಳ್ಳುವುದು

ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿನ ಹೊರಗಿನ ಫುಟ್‌ಪಾತ್, ಲೋಕಲ್ ಟ್ರೈನಿನಲ್ಲಿ ಮಾರಿಕೊಂಡು ಬರುವವರು, ಗೋವೆಯಲ್ಲಿ ವಾರದ ಸಂತೆ: ಚಾರ್ಜರ್ ಕವರ್ ಕೊಂಡರೆ ನಡೆದೀತು, ಪೆನ್‌ಡ್ರೈವ್ ಬೇಡ. ಬೆಲೆ ಕಡಿಮೆ ಎಂಬ ಕಾರಣಕ್ಕಿಂತ, ನಾಳೆ ಅದೇ ಮನುಷ್ಯ ಅಲ್ಲಿರುತ್ತಾನೆಂಬ ಖಾತ್ರಿ ಇಲ್ಲ ಎಂಬ ಕಾರಣಕ್ಕೆ.

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗಬಹುದಾದ ಲ್ಯಾಮಿಂಗ್ಟನ್ ರೋಡ್ (ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ), ಪುಣೆಯಲ್ಲಾದರೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿ. ಇಲ್ಲಿ ಸಗಟು ದರಕ್ಕೆ ಅಸಲಿ ಮಾಲು ಸಿಗುತ್ತದೆ, ಅದೇ ಸಾಲಿನಲ್ಲಿ ಬೇರೆ ಥರದ ಮಾಲೂ ಸಿಗುತ್ತದೆ. ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಸಾಕು: “ಶೇಟ್, ಪಕ್ಕಾ ಬಿಲ್ ಮಿಲೇಗಾ?” ಪಕ್ಕಾ ಬಿಲ್ ಎಂದರೆ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರ್ ಇರುವ ಬಿಲ್. ಮಹಾರಾಷ್ಟ್ರದ ಅಂಗಡಿಯದು 27ರಿಂದ ಶುರುವಾಗುತ್ತದೆ, ಗೋವಾದ್ದು 30ರಿಂದ. (ಊರಿಗೆ ಹೋದಾಗ ಕೊಂಡರೆ ಕರ್ನಾಟಕದ್ದು 29.) ಬಿಲ್ಲಿನಲ್ಲಿ ‘ಪೆನ್‌ಡ್ರೈವ್ 1’ ಎಂದಷ್ಟೇ ಬರೆದರೆ ಸಾಲದು, ಕಂಪನಿ, ಮಾದರಿ, ಜಿಬಿ ಬರೆಸಿಕೊಳ್ಳಿ. ‘ಬಿಲ್ ಬೇಕಾದರೆ ರೇಟ್ ಬೇರೆ’ ಎಂದರೆ ಪಕ್ಕದ ಅಂಗಡಿಗೆ ಹೋಗಿ. ಬಿಲ್ ಕೊಡದವನ ‘ಐದು ವರ್ಷ ವಾರಂಟಿ’ ಬಾಯಿ ಮಾತು.

ಆನ್‌ಲೈನಿನಲ್ಲಿ ತಾಣದ ಹೆಸರಿಗಿಂತ ಮಾರುವವನ ಹೆಸರು ಮುಖ್ಯ. ಒಂದೇ ಪುಟದಲ್ಲಿ ಒಂದೇ ಪೆನ್‌ಡ್ರೈವನ್ನು ಹಲವು ಜನ ಮಾರುತ್ತಿರುತ್ತಾರೆ, ಬೆಲೆ ಹತ್ತು ರೂಪಾಯಿ ಕಡಿಮೆ ಇರುವವನ ಹೆಸರು ಮುಂದೆ ಬಂದಿರುತ್ತದೆ. ಕಂಪನಿಯ ಸ್ವಂತ ಮಳಿಗೆ ಅಥವಾ ಅದು ಅಧಿಕೃತ ಎಂದು ಪಟ್ಟಿ ಮಾಡಿದ ಮಾರಾಟಗಾರನನ್ನು ಆರಿಸಿ. ಐದು ನಕ್ಷತ್ರದ ವಿಮರ್ಶೆಗಳನ್ನು ಹೆಚ್ಚು ನಂಬಬೇಡಿ. ಬರೆದವರಲ್ಲಿ ಬಹಳಷ್ಟು ಜನ ಪೊಟ್ಟಣ ಬಿಚ್ಚಿದ ದಿನವೇ, ನಾಲ್ಕು ಹಾಡು ಹಾಕಿ, ‘ಸೂಪರ್’ ಎಂದು ಬರೆದಿರುತ್ತಾರೆ. ಮೊದಲ ಏಳು ಜಿಬಿ ಎಲ್ಲರಿಗೂ ಸೂಪರ್ರೇ. ಒಂದು ನಕ್ಷತ್ರದವುಗಳಲ್ಲಿ ‘ತುಂಬಿದ ಮೇಲೆ ಫೈಲ್ ತೆರೆಯುತ್ತಿಲ್ಲ’ ಎಂಬ ದೂರು ಎರಡು ಮೂರು ಕಡೆ ಕಂಡರೆ ಆ ಮಾರಾಟಗಾರನನ್ನು ಬಿಡಿ. ಪೊಟ್ಟಣ ಬಿಚ್ಚುವಾಗ ವಿಡಿಯೋ ಮಾಡಿಟ್ಟುಕೊಳ್ಳಿ.

ಕೈಯಲ್ಲಿ ಹಿಡಿದಾಗ

ಪೊಟ್ಟಣದ ಹಿಂಬದಿ ತಿರುಗಿಸಿ. ಹೊರದೇಶದ ಮಾಲಾದರೆ ಆಮದುದಾರನ ಹೆಸರು ಮತ್ತು ವಿಳಾಸ, ಯಾವ ದೇಶದ್ದು, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಹಕರ ದೂರಿಗೆ ಫೋನ್ ಅಥವಾ ಇಮೇಲ್ ಇರಬೇಕು. ಇದು 2011ರ ಲೀಗಲ್ ಮೆಟ್ರಾಲಜಿ ಪೊಟ್ಟಣ ನಿಯಮ. ಫಸ್ಟ್ ಕಾಪಿ ಮಾಡುವವರು ಮುಂಭಾಗಕ್ಕೆ ಎಷ್ಟು ಶ್ರದ್ಧೆ ಹಾಕುತ್ತಾರೋ ಹಿಂಬದಿಯ ಈ ಚೀಟಿಗೆ ಅಷ್ಟು ಹಾಕುವುದಿಲ್ಲ: ಆಮದುದಾರನ ಹೆಸರಿಲ್ಲ, ಎಂಆರ್‌ಪಿ ಇಲ್ಲ, ಇಂಗ್ಲಿಷ್ ಕಾಗುಣಿತ ತಪ್ಪು. ಸೀರಿಯಲ್ ನಂಬರ್ ಇರುವ ಪೊಟ್ಟಣಗಳಾದರೆ, ಕೊಕ್ಕೆಗೆ ನೇತುಹಾಕಿದ ನಾಲ್ಕೈದನ್ನು ಒಟ್ಟಿಗೆ ನೋಡಿ. ಎಲ್ಲದರಲ್ಲೂ ಒಂದೇ ನಂಬರ್ ಇದ್ದರೆ ಅಲ್ಲೇ ಬಿಟ್ಟು ಬನ್ನಿ.

ಹೆಸರುಗಳ ವಿಷಯದಲ್ಲಿ ಕೆಲವು ಗೊಂದಲ ಇವೆ. ಸ್ಯಾನ್‌ಡಿಸ್ಕ್ ಕಂಪನಿಯನ್ನು 2016ರಲ್ಲಿ ವೆಸ್ಟರ್ನ್ ಡಿಜಿಟಲ್ ಕೊಂಡಿತ್ತು, 2025ರ ಫೆಬ್ರವರಿಯಲ್ಲಿ ಎರಡೂ ಬೇರೆಯಾದವು. ಹಾಗಾಗಿ ಸ್ಯಾನ್‌ಡಿಸ್ಕ್ ಪೊಟ್ಟಣದ ಮೇಲೆ ವೆಸ್ಟರ್ನ್ ಡಿಜಿಟಲ್ ಹೆಸರು ಕಂಡರೆ ಅದೊಂದೇ ಕಾರಣಕ್ಕೆ ನಕಲಿಯಲ್ಲ. ಎಚ್‌ಪಿ ಹೆಸರಿನ ಪೆನ್‌ಡ್ರೈವನ್ನು ಲೈಸೆನ್ಸ್ ಪಡೆದು ಮಾಡುವುದು ಪಿಎನ್‌ವೈ ಎಂಬ ಕಂಪನಿ. ಆ ಹೆಸರು ಕಂಡರೂ ಗಾಬರಿ ಬೇಡ. ತೋಷಿಬಾದ ಮೆಮೊರಿ ವ್ಯಾಪಾರ ಮಾತ್ರ 2019ರಲ್ಲಿ ಕಿಯೋಕ್ಸಿಯಾ ಎಂದು ಹೆಸರು ಬದಲಿಸಿಕೊಂಡಿದೆ. ಈಚಿನ ತಾರೀಖಿನ ‘ತೋಷಿಬಾ’ ಪೆನ್‌ಡ್ರೈವ್ ಕಂಡರೆ ಅನುಮಾನ ಪಡಿ.

ಯುಎಸ್‌ಬಿ 3 ಎಂದು ಹೇಳಿ ಕೊಟ್ಟಿದ್ದರೆ ತುದಿಯೊಳಗೆ ಇಣುಕಿ. ಮಾಮೂಲಿ ಟೈಪ್ ಎ ತುದಿಯಲ್ಲಿ ಯುಎಸ್‌ಬಿ 2.0ಕ್ಕೆ ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳು. ಯುಎಸ್‌ಬಿ 3 ಆದರೆ ಆ ನಾಲ್ಕರ ಹಿಂದೆ, ಒಳಭಾಗದಲ್ಲಿ ಇನ್ನೂ ಐದು ಸಣ್ಣ ಪಟ್ಟಿಗಳು, ಒಟ್ಟು ಒಂಬತ್ತು. ನೀಲಿ ಪ್ಲಾಸ್ಟಿಕ್ ನೋಡಿ ಮರುಳಾಗಬೇಡಿ, ಬಣ್ಣ ಹಾಕುವುದು ಎಲ್ಲಕ್ಕಿಂತ ಅಗ್ಗದ ಕೆಲಸ. ಫೋನಿನ ಟಾರ್ಚ್ ಹಾಕಿದರೆ ಅಂಗಡಿಯ ಮುಂದೆಯೇ ಅರ್ಧ ನಿಮಿಷದಲ್ಲಿ ಎಣಿಸಿ ಮುಗಿಸಬಹುದು. ಮನೆಗೆ ಬಂದ ಮೇಲೆ ಅಸಲಿ ಯುಎಸ್‌ಬಿ 3 ಕೂಡ ನಿಧಾನ ಅನ್ನಿಸಿದರೆ ಒಮ್ಮೆ ತೆಗೆದು ಚುರುಕಾಗಿ, ಒಂದೇ ಸಲಕ್ಕೆ ಒಳಗೆ ನೂಕಿ. ಮೆಲ್ಲಗೆ ಹಾಕಿದರೆ ಮುಂದಿನ ನಾಲ್ಕು ಪಟ್ಟಿಗಳೇ ಮೊದಲು ತಾಗಿ, ಕಂಪ್ಯೂಟರ್ ಅದನ್ನು 2.0 ಎಂದೇ ತಿಳಿದುಕೊಂಡುಬಿಡುವುದುಂಟು.

ತುಂಬಿಸಿ ನೋಡುವ ಪರೀಕ್ಷೆ

ಮೇಲಿನದೆಲ್ಲ ಅನುಮಾನ ಹುಟ್ಟಿಸಬಲ್ಲವು, ನಿರ್ಧಾರ ಹೇಳಲಾರವು. ಒಳಗೆ ಹೇಳಿದಷ್ಟು ಜಾಗ ಇದೆಯೇ ಎಂದು ತಿಳಿಯಲು ಪೂರ್ತಿ ತುಂಬಿಸಿ, ಪೂರ್ತಿ ಓದಿಯೇ ನೋಡಬೇಕು. ಒಂದು ಸಿನಿಮಾ ಹಾಕಿ ನೋಡುವುದು ಪರೀಕ್ಷೆಯಲ್ಲ.

ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಹಳೆಯ, ಪುಕ್ಕಟೆ ಸಾಫ್ಟ್‌ವೇರ್ ಇದೆ. ಜರ್ಮನಿಯ ಹೈಸೆ ಪ್ರಕಾಶನದ ತಾಣದಿಂದಲೇ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ತೆರೆದಾಗ ಮೊದಲು ಇಂಗ್ಲಿಷ್ ಆರಿಸಿ, ಇಲ್ಲದಿದ್ದರೆ ಜರ್ಮನ್ ಓದಬೇಕಾಗುತ್ತದೆ. ‘ಸೆಲೆಕ್ಟ್ ಟಾರ್ಗೆಟ್’ ಒತ್ತಿ ಪೆನ್‌ಡ್ರೈವ್ ತೋರಿಸಿ. ಡ್ರೈವಿನ ಅಕ್ಷರ ಎರಡು ಬಾರಿ ನೋಡಿಕೊಳ್ಳಿ. ಪೆನ್‌ಡ್ರೈವ್ ಖಾಲಿ ಇರಬೇಕು. ಇದು ಖಾಲಿ ಜಾಗವನ್ನು ಮಾತ್ರ ತುಂಬುತ್ತದೆ, ಆದರೆ ಡೂಪ್ಲಿಕೇಟ್ ಆಗಿದ್ದರೆ ಇರುವ ಫೈಲುಗಳ ಮೇಲೂ ಬರೆದುಬಿಡುತ್ತದೆ. ‘ಆಲ್ ಅವೈಲಬಲ್ ಸ್ಪೇಸ್’ ಗುರುತು ಮಾಡಿ ‘ರೈಟ್ + ವೆರಿಫೈ’ ಒತ್ತಿ. 1 ಜಿಬಿಯ ಫೈಲುಗಳನ್ನು ಒಂದರ ಹಿಂದೊಂದು ಬರೆಯುತ್ತ ಹೋಗಿ, ಎಲ್ಲ ಮುಗಿದ ಮೇಲೆ ಮೊದಲಿನಿಂದ ಓದಿ ತಾಳೆ ನೋಡುತ್ತದೆ.

ಸಮಯ ಹಿಡಿಯುತ್ತದೆ. 64 ಜಿಬಿಗೆ ಬರೆಯುವ ವೇಗ 10 ಎಂಬಿ ಇದ್ದರೆ ಹತ್ತಿರ ಹತ್ತಿರ ಒಂದು ಮುಕ್ಕಾಲು ಗಂಟೆ, ಓದಲು 25 ಎಂಬಿಯಂತೆ ಇನ್ನೂ ಮುಕ್ಕಾಲು ಗಂಟೆ. ರಾತ್ರಿ ಊಟಕ್ಕೆ ಮೊದಲು ಹಚ್ಚಿಟ್ಟರೆ ಮಲಗುವ ಹೊತ್ತಿಗೆ ಮುಗಿದಿರುತ್ತದೆ. ಲ್ಯಾಪ್‌ಟಾಪ್ ನಿದ್ದೆ ಹೋಗದಂತೆ ಸೆಟ್ಟಿಂಗ್ ಬದಲಿಸಿಕೊಳ್ಳಿ, ನಡುವೆ ನಿಂತರೆ ಮತ್ತೆ ಮೊದಲಿನಿಂದ. ಮುಗಿದಾಗ ‘ಟೆಸ್ಟ್ ಫಿನಿಶ್ಡ್ ವಿದೌಟ್ ಎರರ್ಸ್’ ಎಂದು ಬಂದರೆ ಮಾಲು ಸರಿ. ಇನ್ನೂ ಖಚಿತ ಬೇಕಾದರೆ ಪೆನ್‌ಡ್ರೈವ್ ಹೊರಗೆ ತೆಗೆದು, ಮತ್ತೆ ಹಾಕಿ, ‘ವೆರಿಫೈ’ ಮಾತ್ರ ನಡೆಸಿ. ಡೂಪ್ಲಿಕೇಟ್ ಆಗಿದ್ದರೆ ‘ದಿ ಮೀಡಿಯಾ ಈಸ್ ಲೈಕ್ಲಿ ಟು ಬಿ ಡಿಫೆಕ್ಟಿವ್’ ಎಂದು ಬಂದು, ಕೆಳಗೆ ಎರಡು ಸಾಲು: ‘ಓಕೆ’ ಎಂಬುದರ ಮುಂದೆ 7.7 ಜಿಬಿ, ‘ಡೇಟಾ ಲಾಸ್ಟ್’ ಎಂಬುದರ ಮುಂದೆ 50 ಚಿಲ್ಲರೆ. ಆ 7.7 ಎಂಬುದೇ ಒಳಗಿರುವ ನಿಜವಾದ ಚಿಪ್ಪಿನ ಅಳತೆ. ಡೇಟಾ ಲಾಸ್ಟ್ ಕೆಲವೇ ಎಂಬಿ ಇದ್ದರೆ ಅದು ಅಂಕಿ ತಿದ್ದಿದ ಮಾಲಲ್ಲ, ಚಿಪ್ ಕೆಟ್ಟದ್ದು. ಅದನ್ನೂ ವಾಪಸು ಕೊಡಿ.

ಲಿನಕ್ಸ್, ಮ್ಯಾಕ್ ಬಳಸುವವರಿಗೆ ಎಫ್3 ಇದೆ, ಬರೆಯಲು ಒಂದು ಕಮಾಂಡ್, ಓದಲು ಒಂದು. ಇಪ್ಪತ್ತು ಪೆನ್‌ಡ್ರೈವ್ ಒಟ್ಟಿಗೆ ಕೊಂಡವರಿಗೆ, ಉದಾಹರಣೆಗೆ ಸಂಘದ ಮಕ್ಕಳಿಗೆ ಬಹುಮಾನ ಕೊಡಲು, ಒಂದೊಂದಕ್ಕೂ ಎರಡೂವರೆ ಗಂಟೆ ಕೂರಲಾಗದು. ಅವರಿಗೆ ಗಿಬ್ಸನ್ ರಿಸರ್ಚ್ ಎಂಬ ಕಂಪನಿ 2023ರಲ್ಲಿ ಬಿಟ್ಟ ವ್ಯಾಲಿಡ್ರೈವ್ ಎಂಬ ಸಾಫ್ಟ್‌ವೇರ್ ಆಗುತ್ತದೆ. ಇಡೀ ಡ್ರೈವಿನಲ್ಲಿ 576 ಕಡೆ ಬರೆದು ಓದಿ, ಕೆಲವು ನಿಮಿಷಗಳಲ್ಲಿ ಹಸಿರು ಕೆಂಪು ಚೌಕಗಳಲ್ಲಿ ತೋರಿಸುತ್ತದೆ. ಅಂಕಿ ತಿದ್ದಿದ ಮಾಲು ಇದರಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಲ್ಲಿ ಕೆಟ್ಟ ಚಿಪ್ ತಪ್ಪಿಸಿಕೊಳ್ಳಬಹುದು.

ಪಾಸಾದ ಪೆನ್‌ಡ್ರೈವಿನಲ್ಲಿ ಪರೀಕ್ಷೆಯ ಫೈಲುಗಳನ್ನು ಅಳಿಸಿ, ವಿಡಿಯೋಗಾದರೆ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್ ಮಾಡಿಕೊಳ್ಳಿ. ಫ್ಯಾಟ್32ನಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ‘ಜಾಗ ಇದ್ದರೂ ಕಾಪಿ ಆಗುತ್ತಿಲ್ಲ, ಡೂಪ್ಲಿಕೇಟ್ ಇರಬೇಕು’ ಎಂಬ ದೂರುಗಳಲ್ಲಿ ಅನೇಕವು ಇದರಿಂದಲೇ ಬರುತ್ತವೆ.

ಫೇಲಾದರೆ ಫಾರ್ಮ್ಯಾಟ್ ಮಾಡಿ ಮತ್ತೆ ಪ್ರಯತ್ನಿಸುವುದು ವ್ಯರ್ಥ. ಫಲಿತಾಂಶದ ಪರದೆಯ ಫೋಟೋ, ಬಿಲ್, ಪೊಟ್ಟಣದ ಹಿಂಬದಿಯ ಫೋಟೋ ಇಷ್ಟನ್ನು ಹಿಡಿದು ಅಂಗಡಿಗೆ ಹೋಗಿ, ಆನ್‌ಲೈನಾದರೆ ಗಡುವಿನೊಳಗೆ ವಾಪಸು ಹಾಕಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಇದಕ್ಕೆಲ್ಲ ಮೊದಲೇ ಫೈಲುಗಳನ್ನು ಹಾಕಿ ಕಳೆದುಕೊಂಡಿದ್ದರೆ, ಡೇಟಾ ರಿಕವರಿ ಅಂಗಡಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಅಳಿಸಿಹೋದದ್ದನ್ನು ಅವರು ಹುಡುಕಿ ಕೊಡಬಲ್ಲರು, ಬರೆದೇ ಇಲ್ಲದ್ದನ್ನು ಕೊಡಲಾರರು. ಮೊದಲಿದ್ದ ಫೋನಿನಲ್ಲೋ ಕ್ಯಾಮೆರಾದ ಕಾರ್ಡಿನಲ್ಲೋ ಮೂಲ ಉಳಿದಿದೆಯೇ ನೋಡಿ, ಸಿಗುವವರೆಗೆ ಆ ಕಾರ್ಡಿಗೆ ಹೊಸದೇನೂ ಬರೆಯಬೇಡಿ.

ವಾಪಸು ಹೋಗದ ಮಾಲನ್ನು 7 ಜಿಬಿಯ ಪಾರ್ಟಿಶನ್ (ಬಳಸಲು ಬೇರ್ಪಡಿಸಿದ ಪಾಲು) ಮಾಡಿ ಹಾಡಿಗೆ ಬಳಸುವವರಿದ್ದಾರೆ. ಆಗುತ್ತದೆ, ಆದರೆ ಅಂಥದ್ದಕ್ಕೆ ಹಾಕಿರುವ ಚಿಪ್ಪೂ ತಿರಸ್ಕೃತ ಮಾಲೇ ಆಗಿರುವ ಸಂಭವ ಹೆಚ್ಚು; ಯಾರಾದರೂ ಪಾರ್ಟಿಶನ್ ಅಳಿಸಿದರೆ ಮತ್ತೆ 64 ಎಂದೇ ಹೇಳಲು ಶುರು ಮಾಡುತ್ತದೆ. ಇಟ್ಟುಕೊಳ್ಳುವುದಾದರೆ ಮಾರ್ಕರಿನಲ್ಲಿ ಮೇಲೆ ದೊಡ್ಡದಾಗಿ ‘7’ ಎಂದು ಬರೆದಿಡಿ.